ತಾರಸಿಗೆ ತಂದ ಲಾಲ್‌ಬಾಗು

ಮಗಳು ಬಾಡಿಗೆಗಿರುವುದು ಬೆಂಗಳೂರಿನ ಹಲಸೂರಿನಲ್ಲಿ, ಎರಡನೇ ಮಹಡಿ. ಕೋಣೆಗಳೆದುರು ಹನ್ನೆರಡಡಿಗೆ ಹತ್ತಡಿ ತೆರೆದ ತಾರಸಿ. ಅದರ ಕೆಳಗೆ ಮನೆ ಯಜಮಾನರ ಅಡುಗೆಕೋಣೆ.

2022ರ ಆಗಸ್ಟಿನಲ್ಲಿ ನಾವಿಬ್ಬರೂ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದೆವು. ಆ ಸಲದ್ದು ರಾಜಕುಮಾರ್, ಪುನೀತ್ ನೆನಪಿನದು. ಗಾಜಿನಮನೆಯ ಸುತ್ತ ಕಾಲಿಡಲು ಜಾಗವಿಲ್ಲ. "ಅಪ್ಪಾ, ಇಂಥದ್ದು ನಮ್ಮ ತಾರಸಿಯಲ್ಲೂ ಮಾಡ್ಲಿಕ್ಕಾಗ್ತದಾ?" ಅಂತ ಕೇಳಿದಳು. ಅಡಿಕೆ ತೋಟ ಎಬ್ಬಿಸಿದವನಿಗೆ ನೂರಿಪ್ಪತ್ತು ಚದರಡಿ ಯಾವ ಲೆಕ್ಕ? ಆಗ್ತದೆ ಅಂದುಬಿಟ್ಟೆ.

ಹಿಂದಿನ ಗೋಡೆಗೆ ತಾಗಿ ಇಟ್ಟಿಗೆ ಕಟ್ಟೆ, ಒಳಗೆ ಪ್ಲಾಸ್ಟಿಕ್ ಹಾಳೆ. ಕೆ.ಆರ್. ಪುರದ ಆಚೆಯಿಂದ ಟೆಂಪೋದಲ್ಲಿ ಕೆಂಪು ಮಣ್ಣು ತರಿಸಿ, ಅರವತ್ತು ಚದರಡಿಗೆ ಆರಿಂಚು ದಪ್ಪ ಹಾಕಿದೆ. ಹಿಂದೆ ಸಾಲ್ವಿಯ, ನಡುವೆ ಚೆಂಡುಹೂ, ಮುಂದೆ ಪೆಟೂನಿಯಾ. ಎರಡು ವಾರ ಬಂದವರೆಲ್ಲ ಫೋಟೋ ತೆಗೆದರು.

ಸೆಪ್ಟೆಂಬರ್ ಮೊದಲ ವಾರದ ಮಳೆ ನೆನಪಿರಬಹುದು, ಬೆಂಗಳೂರಿನ ಪೂರ್ವ ಭಾಗ ಮುಳುಗಿದ್ದು. ನಮ್ಮೂರಿನ ಮಳೆಯ ಮೂರರಲ್ಲೊಂದು ಪಾಲೂ ಅಲ್ಲಿಗಿಲ್ಲ, ಸುರಿದರೆ ಮಾತ್ರ ಒಂದೇ ಏಟಿಗೆ. ಮಣ್ಣು ಕೊಚ್ಚಿ ನೀರು ಹೋಗುವ ಕೊಳವೆ ಕಟ್ಟಿತು. ತಾರಸಿ ಕೆರೆಯಾಯಿತು. ಮರುದಿನ ಯಜಮಾನರ ಒಲೆಯ ಮೇಲೆ ತೊಟ್ಟು ತೊಟ್ಟು ನೀರು. "ಮಣ್ಣು ತೆಗೀರಿ, ಇಲ್ಲ ಮನೆ ಖಾಲಿ ಮಾಡಿ" ಅಂದರು. ತಪ್ಪು ಅವರದಲ್ಲ.

ಇಂಜಿನಿಯರಾದ ಅಳಿಯ ಕಾಗದದಲ್ಲಿ ಲೆಕ್ಕ ತೋರಿಸಿದ. ಜನ ಓಡಾಡುವ ತಾರಸಿಗೆ ಹಿಡಿಯುವ ಭಾರ ಚದರ ಮೀಟರಿಗೆ 150 ಕಿಲೋ, ಅಂದರೆ ಚದರಡಿಗೆ 14. ಒದ್ದೆ ಮಣ್ಣು ಘನ ಮೀಟರಿಗೆ 1700 ಕಿಲೋ ಆಸುಪಾಸು. ಆರಿಂಚು ದಪ್ಪಕ್ಕೆ ಚದರಡಿಗೆ 24 ಕಿಲೋ ಬಂತು. ಒಟ್ಟು ಸುಮಾರು ಒಂದೂವರೆ ಟನ್! ತೋಟಕ್ಕೆ ಇಷ್ಟು ವರ್ಷ ಮಣ್ಣು ಹೊರಿಸಿದ್ದೇನೆ. ತೂಗಬೇಕೆಂದು ಒಮ್ಮೆಯೂ ತೋರಿರಲಿಲ್ಲ.

ಮೂರು ದಿನ ಚೀಲದಲ್ಲಿ ಕೆಳಗಿಳಿಸಿದೆವು.

ಜನವರಿಯಲ್ಲಿ ಮತ್ತೆ ಲಾಲ್‌ಬಾಗಿಗೆ ಹೋದೆ, ಈ ಸಲ ಬಗ್ಗಿ ನೋಡಲಿಕ್ಕೆ. ಹೂವಿನ ಹಾಸು ಅಂತ ನಾನೆಣಿಸಿದ್ದರಲ್ಲಿ ಬಹುಪಾಲು ಒತ್ತೊತ್ತಾಗಿಟ್ಟ ಕುಂಡಗಳು! ಬೇರೆಡೆ ಬೆಳೆಸಿ, ಅರಳುವ ಹೊತ್ತಿಗೆ ತಂದಿಡುವುದು. ಬಾಡಿದರೆ ಬದಲಿಸಿದರಾಯಿತು. ಹತ್ತು ಹನ್ನೊಂದು ದಿನದ ಸಂಭ್ರಮಕ್ಕೆ ಸರಿಯಾದ ವಿಧಾನ.

ಈಗ ತಾರಸಿಯಲ್ಲಿರುವುದು ಮೂರು ಮೆಟ್ಟಿಲಿನ ಕಬ್ಬಿಣದ ಸ್ಟ್ಯಾಂಡು. ಗೋಡೆಗೆ ತಾಗಿ ನಿಂತಿದೆ, ನಡುವೆ ಭಾರವಿಲ್ಲ. ಅಡಿಯಲ್ಲಿ ಕಸಬರಿಕೆ ಆಡುವಷ್ಟು ಜಾಗ, ಕೊಳವೆ ಬಾಯಿ ಸದಾ ಕಣ್ಣಿಗೆ ಕಾಣಬೇಕು. ಕುಂಡಗಳಿಗೆ ತೆಂಗಿನ ನಾರಿನ ಹುಡಿ, ಕಂಪೋಸ್ಟು, ಮಣ್ಣು ಸಮಪಾಲು. ಮೇಲೆ ಬಸಳೆ, ನಡುವೆ ಮೆಣಸು, ಬದನೆ, ಕೆಳಗೆ ಹರಿವೆ, ಕೊತ್ತಂಬರಿ. ಪಡುವಣದ ಕಟ್ಟಡದಿಂದಾಗಿ ಮಧ್ಯಾಹ್ನದ ಮೇಲೆ ಬಿಸಿಲಿಲ್ಲ. ಆ ಮೂಲೆಯ ಬದನೆ ಕಾಯಿ ಕೊಡಲಿಲ್ಲ, ಅಲ್ಲಿ ಜರಿಗಿಡ ಇಟ್ಟೆವು. ಹೂವು ಬಾಗಿಲೆದುರು ಆರೇ ಕುಂಡ. ಇನ್ನಾರು ಹಿಂದೆ ಬೆಳೆಯುತ್ತಿರುತ್ತವೆ, ಲಾಲ್‌ಬಾಗಿನವರಂತೆ ಅದಲು ಬದಲು.

2024ರ ಬೇಸಗೆಯಲ್ಲಿ ನೀರಿಗೆ ತತ್ವಾರ. ಕುಡಿಯುವ ನೀರು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಸಾರಿತ್ತು. ಅಕ್ಕಿ, ತರಕಾರಿ ತೊಳೆದ ನೀರಿನಲ್ಲೇ ಬಸಳೆ, ಹರಿವೆ ಉಳಿದವು. ಹೂವಿನ ಕುಂಡ ನಾಲ್ಕು ಹೋದವು.

ಕೆಳಗಿನ ಅಡುಗೆಕೋಣೆಗೆ ಎರಡು ಸಲ ಬಣ್ಣ ಹೊಡೆಸಿಕೊಟ್ಟಿದ್ದೇವೆ. ಜೋರು ಮಳೆ ಬಂದ ಮರುದಿನ ಕಲೆ ಈಗಲೂ ತೆಳ್ಳಗೆ ಮೂಡುತ್ತದೆಯಂತೆ.