ಬಾಯಾರುವ ಗಾಜಿನ ಗುಂಡು

ಡಿಸೆಂಬರ್ ಬಂತೆಂದರೆ ಮೂಡಿಗೆರೆ, ಕಳಸದ ಕಡೆ ಪಲ್ಪರ್ ಸದ್ದು ಶುರು. ಅರೇಬಿಕಾ ಹಣ್ಣಿನ ಸಿಪ್ಪೆ ಸುಲಿದು, ಬೀಜದ ಲೋಳೆ ತೊಳೆದ ನೀರು ನಿಂತಲ್ಲೇ ಹುಳಿಯುತ್ತದೆ. ಪಿಎಚ್ 4ರ ಹತ್ತಿರಕ್ಕೆ ಇಳಿಯುತ್ತದೆ. ಈ ಅಳತೆಯಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. ಹಾಗಾಗಿ 4ರ ನೀರು 7ರ ನೀರಿಗಿಂತ ಸಾವಿರ ಪಟ್ಟು ಹುಳಿ. ಹಳ್ಳ ಹಿಡಿದು ಭದ್ರೆಗೋ ಹೇಮಾವತಿಗೋ ಹೋಗದಂತೆ ಅದನ್ನು ಹೊಂಡದಲ್ಲಿ ನಿಲ್ಲಿಸಿ ಸುಣ್ಣ ಹಾಕಬೇಕು. ಸುಣ್ಣ ಸಾಕೋ ಬೇಕೋ ಎಂದು ಹೇಳುವುದು ಪಿಎಚ್ ಮೀಟರ್.

ಮೀಟರಿನ ಜೀವ ಇರುವುದು ತುದಿಯ ಗಾಜಿನ ಗುಂಡಿನಲ್ಲಿ. ಜರ್ಮನಿಯ ಫ್ರಿಟ್ಜ್ ಹೇಬರ್ ಮತ್ತು ಪೋಲೆಂಡಿನ ಕ್ಲೆಮೆನ್ಸಿವಿಚ್ 1909ರಲ್ಲಿ ಇಂಥ ಗಾಜನ್ನು ಅಳತೆಗೆ ಹಚ್ಚಿದರು. ನೀರಲ್ಲಿ ನೆನೆದ ಗಾಜಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಜೆಲ್ ಪದರ ಮೂಡುತ್ತದೆ. ಹುಳಿಯ ಹೈಡ್ರೋಜನ್ ಅಯಾನುಗಳು ಅಲ್ಲಿ ಬಂದು ಕೂತಾಗ ಏಳುವ ವಿದ್ಯುತ್ತು, ಒಂದು ಮೆಟ್ಟಿಲಿಗೆ ಸುಮಾರು 59 ಮಿಲಿವೋಲ್ಟ್. ಅದನ್ನೇ ಪೆಟ್ಟಿಗೆ ಅಂಕಿಯಾಗಿ ತೋರಿಸುತ್ತದೆ.

ಬೀಜದಿಂದ ಬಿಡಿಸಲು ನಾವು ಒದ್ದಾಡುವ ಅದೇ ಲೋಳೆ ಈ ಗುಂಡಿಗೂ ಮೆತ್ತಿಕೊಳ್ಳುತ್ತದೆ. ಹೊಂಡಕ್ಕೆ ಸುಣ್ಣ ಬಿದ್ದರೂ ಲೋಳೆಯ ಅಡಿಯಲ್ಲಿ ಹುಳಿ ಇನ್ನೂ ಉಳಿದಿರುತ್ತದೆ. ಅಂಕಿ ಮೇಲೇರುವುದೇ ಇಲ್ಲ. ಇನ್ನೊಂದು ಬುಟ್ಟಿ ಸುಣ್ಣ ಸುರಿಯುತ್ತಾರೆ. ತಪ್ಪು ಸುಣ್ಣದ್ದಲ್ಲ, ಗುಂಡಿನದ್ದು. ಅದನ್ನು ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಅಲ್ಲಾಡಿಸಿ ತೊಳೆದರೆ ಲೋಳೆ ಬಿಡುತ್ತದೆ. ಸುಣ್ಣದ ಬಿಳಿ ಪೊರೆ ಕಟ್ಟಿದ್ದರೆ ಕೆಲವು ನಿಮಿಷ ವಿನಿಗರ್. ಅಂಗಿಯ ಚುಂಗಿನಲ್ಲಿ ತಿಕ್ಕುವುದು ಮಾತ್ರ ಬೇಡ. ಗಾಜಿಗೆ ಗೀರು ಬೀಳುತ್ತದೆ, ತಿಕ್ಕಿದ್ದಕ್ಕೆ ಸ್ಥಾಯೀ ವಿದ್ಯುತ್ತೂ ಸೇರಿ ಅಂಕಿ ಕುಣಿಯುತ್ತದೆ. ಮೆತ್ತನೆಯ ಕಾಗದದಲ್ಲಿ ಒತ್ತಿ ತೆಗೆದರೆ ಸಾಕು.

ಇದಕ್ಕಿಂತ ದೊಡ್ಡ ಶತ್ರು ಬೀರು. ಪಲ್ಪಿಂಗ್ ಮುಗಿದ ಮೇಲೆ ಮುಂದಿನ ಸುಗ್ಗಿಯವರೆಗೆ ಮೀಟರನ್ನು ಕೇಳುವವರಿಲ್ಲ. ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ, ಮುಚ್ಚಳದೊಳಗೆ ಈ ಗುಂಡೊಂದು ಒಣಗಿ ಕೂತಿರುತ್ತದೆ! ಒಣಗಿದರೆ ಜೆಲ್ ಪದರ ಹೋಯಿತು. ಹಾಗೆಂದು ಜೀಪಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿಡಬಾರದು. ಅದು ಒಳಗಿನ ಲವಣವನ್ನೇ ಹೊರಗೆಳೆಯುತ್ತದೆ. ತೊಳೆಯಲು ಅಡ್ಡಿಯಿಲ್ಲ. ಅದ್ದಿಡಬೇಕಾದ್ದು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ, ಲೀಟರಿಗೆ ಸುಮಾರು 224 ಗ್ರಾಂ. ಗೋಡೌನಿನ ಪೊಟ್ಯಾಷ್ ಗೊಬ್ಬರವೂ ಇದೇ ಲವಣ. ಆದರೆ ಕೆಂಪು ಹರಳು ಕರಗಿಸಿ ಸುರಿದೀರಿ ಜೋಕೆ, ಆ ಬಣ್ಣ ಕಬ್ಬಿಣದ್ದು. ಪ್ರಯೋಗಾಲಯದ ಶುದ್ಧ ಸರಕೇ ಆಗಬೇಕು. ಮುಚ್ಚಳದ ಸುತ್ತ ಬಿಳಿ ಉಪ್ಪು ಕಟ್ಟಿದ್ದರೆ ಹೆದರಬೇಡಿ, ಅದೇ ಲವಣ, ತೊಳೆದರೆ ಹೋಗುತ್ತದೆ.

ಒಣಗಿದ್ದನ್ನು ರಾತ್ರಿಯಿಡೀ ಅದೇ ದ್ರಾವಣದಲ್ಲಿ ನೆನೆಸಿ ನೋಡಬಹುದು. ಬೆಳಿಗ್ಗೆ ಮೀಟರನ್ನು 7ರ ಬಫರಿಗೆ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣಕ್ಕೆ ಹೊಂದಿಸಿ, ತೊಳೆದು, 4ರ ಬಫರಿನಲ್ಲಿಡಿ. ಅಂಕಿ ಬೇಗ ಬಂದು ನಿಂತರೆ ಗುಂಡು ಬದುಕಿದೆ. ನಿಮಿಷಗಟ್ಟಲೆ ತೆವಳುತ್ತಲೇ ಇದ್ದರೆ ಗುಂಡಿರುವ ಕಡ್ಡಿಯನ್ನಷ್ಟೇ ಬದಲಿಸಿ, ಪೆಟ್ಟಿಗೆ ಇನ್ನೂ ಎಷ್ಟೋ ಸುಗ್ಗಿಗೆ ಬರುತ್ತದೆ.