ರೇಷ್ಮೆಯ ಮೇಲೆ ಮಸಿ ನಿಂತದ್ದು ಹೇಗೆ?

ದೊಡ್ಡಬಳ್ಳಾಪುರದ ನೇಕಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಕಚ್ಚಾ ರೇಷ್ಮೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಬರೀ ಅಂಟು. ಸೋಪಿನ ನೀರಿನಲ್ಲಿ ಬೇಯಿಸಿ ಆ ಸೆರಿಸಿನ್ ಕಳೆದ ಮೇಲಷ್ಟೇ ಎಳೆಗೆ ಮೃದುತ್ವ, ಹೊಳಪು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವೈಮಾನಿಕರು ಉಡುಪಿನ ಒಳಪದರದಲ್ಲೋ ಬೂಟಿನ ಹಿಮ್ಮಡಿಯಲ್ಲೋ ಅಡಗಿಸಿಟ್ಟುಕೊಳ್ಳುತ್ತಿದ್ದ ನಕ್ಷೆಗಳಿಗೂ ಇದೇ ರೇಷ್ಮೆ ಬೇಕಾಯಿತು.

ಕಾಕ್‌ಪಿಟ್‌ನಲ್ಲಿ ತೊಡೆಯ ಮೇಲಿಟ್ಟು ನೋಡುವ ನಕ್ಷೆ ಮಾತ್ರ ಕಾಗದದ್ದೇ. ಅದರ ಮೇಲೆ ಪೆನ್ಸಿಲಿನಿಂದ ದಾರಿ ಗುರುತಿಸಬೇಕು, ಅಳಿಸಬೇಕು. ಬಟ್ಟೆಯ ನಕ್ಷೆಗೆ ಕೆಲಸ ಬರುವುದು ವಿಮಾನ ಶತ್ರುನೆಲದಲ್ಲಿ ಬಿದ್ದ ಮೇಲೆ. ಕಾಗದದ ನಾರುಗಳ ಹಿಡಿತ ನೀರು ತಾಗಿದೊಡನೆ ಸಡಿಲಗೊಳ್ಳುತ್ತದೆ, ಮಡಿಕೆಯಲ್ಲಿ ಹರಿಯುತ್ತದೆ, ತಪಾಸಣೆಯ ಹೊತ್ತಲ್ಲಿ ಸರಬರ ಸದ್ದು ಬೇರೆ. ರೇಷ್ಮೆಗೆ ಈ ಮೂರೂ ಕಾಟವಿಲ್ಲ. ಎಷ್ಟು ಮುದುಡಿದರೂ ಬಿಡಿಸಿದಾಗ ಊರು, ಹೊಳೆ ಎಲ್ಲ ಓದಲು ಬರುತ್ತವೆ.

ನಿಜವಾದ ತೊಡಕಿದ್ದದ್ದು ಮುದ್ರಣದಲ್ಲಿ. ರೇಷ್ಮೆಯ ಮೇಲೆ ಮಸಿ ಎಳೆಗುಂಟ ಹಬ್ಬುತ್ತದೆ. ಸೀರೆಯ ಹೂವು ಕೂದಲೆಳೆಯಷ್ಟು ಹಬ್ಬಿದರೆ ಯಾರಿಗೂ ನಷ್ಟವಿಲ್ಲ, ಆದರೆ 1:10,00,000 ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಜೊತೆಗೆ ಬಟ್ಟೆ ಜಗ್ಗುತ್ತದೆ. ಬಣ್ಣಕ್ಕೊಂದರಂತೆ ಅಚ್ಚೊತ್ತುವಾಗ ತುಸು ಸರಿದರೂ ರಸ್ತೆ ನದಿಯೊಳಗೆ ಇಳಿಯುತ್ತದೆ! ಸೆರೆಯಾಳುಗಳ ಪಲಾಯನಕ್ಕೆ ನೆರವಾಗುತ್ತಿದ್ದ ಬ್ರಿಟನ್ನಿನ ಗುಪ್ತ ವಿಭಾಗ ಎಂಐ-9ರ ಕ್ರಿಸ್ಟೋಫರ್ ಕ್ಲೇಟನ್ ಹಟ್ಟನ್ ಬರೆದುಕೊಂಡಿರುವಂತೆ, ಮಸಿಗೆ ಪೆಕ್ಟಿನ್ ಬೆರೆಸಿದಾಗ ಗೆರೆ ನಿಂತಿತು. ಪೆಕ್ಟಿನ್ ಅಂದರೆ ಹಣ್ಣಿನ ಜಾಮ್ ಗಟ್ಟಿಯಾಗಲು ಕಾರಣವಾದ ಅದೇ ಅಂಶ. ಮೂಲ ನಕ್ಷೆಗಳನ್ನು ಎಡಿನ್‌ಬರೋದ ಬಾರ್ತಲೊಮ್ಯೂ ಸಂಸ್ಥೆ ರಾಯಧನ ಕೇಳದೆ ಕೊಟ್ಟಿತು.

ಅಷ್ಟರಲ್ಲಿ ರೇಷ್ಮೆಗೇ ಬರ. ಜಪಾನಿನ ಸರಕು ನಿಂತಿತು, ಇದ್ದದ್ದಕ್ಕೆ ಪ್ಯಾರಾಚೂಟ್‌ನವರ ಪೈಪೋಟಿ. ಮೈಸೂರು ಸಂಸ್ಥಾನದ ರೇಷ್ಮೆಗೆ ಹಠಾತ್ ಬೇಡಿಕೆ ಕುದುರಿದ್ದು ಈ ಪ್ಯಾರಾಚೂಟ್ ಬಟ್ಟೆಯಿಂದಲೇ. ಅದಕ್ಕೆ ಒಂದೇ ಸಮನಾದ ಎಳೆ ಬೇಕು. ಕೈಚರಕದಲ್ಲಿ ಬಿಚ್ಚಿದ ನೂಲು ಒಮ್ಮೆ ದಪ್ಪ, ಒಮ್ಮೆ ಸಣ್ಣ. ಹಾಗಾಗಿ ಫಿಲೇಚರ್, ಅಂದರೆ ನೂಲು ಬಿಚ್ಚುವ ಕಾರ್ಖಾನೆಯ ನೂಲಿಗೆ ಬೆಲೆ ಬಂತು. ಯುದ್ಧ ಮುಗಿದು ಹೊರಗಿನ ರೇಷ್ಮೆ ಮತ್ತೆ ಬರತೊಡಗಿದಾಗ ಆ ಬೇಡಿಕೆ ಇಳಿಯಿತು.

ಅಮೆರಿಕದ ಸೇನೆ ನಕ್ಷೆಗಳಿಗೆ ಹೆಚ್ಚಾಗಿ ಅಸಿಟೇಟ್ ರೇಯಾನ್ ಬಳಸಿತು. ಒದ್ದೆಯಾದಾಗ ಬಲ ಕಳೆದುಕೊಳ್ಳುವುದರಲ್ಲಿ ಅದು ರೇಷ್ಮೆಗಿಂತ ಮುಂದು, ಆದರೆ ಕಾರ್ಖಾನೆಯಲ್ಲಿ ಬೇಕಾದಷ್ಟು ತಯಾರಾಗುತ್ತಿತ್ತು. ಇಂದು ಸಂಗ್ರಾಹಕರ ಸಂತೆಯಲ್ಲಿ ‘ರೇಷ್ಮೆ ನಕ್ಷೆ’ ಎಂದು ಮಾರಾಟವಾಗುವ ಎಷ್ಟೋ ನಕ್ಷೆಗಳು ಈ ರೇಯಾನೇ. ಅನುಮಾನವಿದ್ದರೆ ಅಂಚಿನಿಂದ ಒಂದೆಳೆ ಕಿತ್ತು ಸುಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾಗಿ, ವಿನೆಗರ್‌ನಂಥ ಹುಳಿ ವಾಸನೆ ಬಿಟ್ಟರೆ ಅಸಿಟೇಟ್. ಸುಡಲು ಮನಸ್ಸಿಲ್ಲದವರು ಆ ಎಳೆಯನ್ನು ಅಸಿಟೋನ್‌ನಲ್ಲಿ ಅದ್ದಬಹುದು. ಅಸಿಟೇಟ್ ಕರಗುತ್ತದೆ, ರೇಷ್ಮೆ ಕರಗುವುದಿಲ್ಲ.