ಡಿಸಿಪೇಟ್: ಚೆದುರಿದ್ದು ಮರಳಿ ಸಿಗದಾಗ

ಮೊರದಿಂದ ರಾಗಿ ನೆಲಕ್ಕೆ ಚೆಲ್ಲಿದರೆ ಗುಡಿಸಿ ಬಳಿದುಕೊಳ್ಳಬಹುದು. ಒಂದಿಷ್ಟು ಮಣ್ಣು ಸೇರೀತು, ಕೇರಿದರೆ ಅದೂ ಹೋಗುತ್ತದೆ. ಲೋಟದಲ್ಲಿ ಮರೆತಿಟ್ಟ ಕಾಫಿ ಆರಿಹೋದರೆ? ಅದರ ಬಿಸಿ ನಾಶವಾಗಿಲ್ಲ, ಸುತ್ತಲಿನ ಗಾಳಿಯಲ್ಲಿ ಬೆರೆತಿದೆ. ಆದರೆ ಅದನ್ನು ಗುಡಿಸಿ ಮತ್ತೆ ಲೋಟಕ್ಕೆ ತುಂಬಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ರಾಗಿಗೆ ‘ಸ್ಕ್ಯಾಟರ್’ ಸಾಕು. ಕಾಫಿಯ ಬಿಸಿಗೆ ‘ಡಿಸಿಪೇಟ್’ ಬೇಕು.

ಈ ಕ್ರಿಯಾಪದ ಲ್ಯಾಟಿನ್ನಿನಿಂದ ಬಂದದ್ದು. ‘ಡಿಸ್’ ಎಂದರೆ ಬೇರೆಬೇರೆಯಾಗಿ, ‘ಸುಪಾರೆ’ ಎಂದರೆ ಎಸೆಯುವುದು. 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅತ್ತಿತ್ತ ಎಸೆಯುವ ಅರ್ಥವೇ ಇತ್ತು. ದುಂದಿನ ಅರ್ಥವೂ ಅದರಿಂದಲೇ ಬೆಳೆಯಿತು. ಕೈಯಲ್ಲಿದ್ದದ್ದನ್ನು ಎತ್ತೆತ್ತಲೋ ಎಸೆದವನ ಬಳಿ ಕೊನೆಗೆ ಉಳಿಯುವುದೇನು?

‘ಸ್ಕ್ವಾಂಡರ್’ ಎಂಬ ಪದವೂ ಇದೇ ದಾರಿ ಹಿಡಿದಿದೆ. ಇಂದು ಅದಕ್ಕೆ ಪೋಲು ಮಾಡುವುದೆಂದೇ ಅರ್ಥ. ಆದರೆ ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಆಂಟೋನಿಯೋನ ವ್ಯಾಪಾರದ ಹಡಗುಗಳು ನಾನಾ ಕಡಲುಗಳಲ್ಲಿ ಹರಡಿಕೊಂಡಿರುವುದನ್ನು ಶೈಲಾಕ್ ಹೇಳುವುದು ಈ ಪದದಿಂದಲೇ. ಕನ್ನಡದ ‘ಚೆಲ್ಲು’ ಇವೆರಡಕ್ಕಿಂತ ದೊಡ್ಡ ಮನಸ್ಸಿನದು. ಅಂಗಳಕ್ಕೆ ನೀರು ಚೆಲ್ಲುತ್ತೇವೆ, ಅಪ್ಪನ ಆಸ್ತಿಯನ್ನು ಮಗ ಚೆಲ್ಲಿಬಿಟ್ಟ ಎನ್ನುತ್ತೇವೆ, ಬೆಳದಿಂಗಳು ಚೆಲ್ಲಿದೆ ಎಂದೂ ಹಿಗ್ಗುತ್ತೇವೆ.

‘ಡಿಸಿಪೇಟ್’ ಪದಕ್ಕೆ ಹೆಚ್ಚು ತೂಕ ಬಂದದ್ದು ವಿಜ್ಞಾನದಲ್ಲಿ. 1852ರಲ್ಲಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು) ಒಂದು ಪ್ರಬಂಧ ಬರೆದು, ಯಾಂತ್ರಿಕ ಶಕ್ತಿ ಡಿಸಿಪೇಟ್ ಆಗುತ್ತ ಹೋಗುವುದು ನಿಸರ್ಗದ ಸಾರ್ವತ್ರಿಕ ಸ್ವಭಾವ ಎಂದರು. ಶಕ್ತಿ ಇಲ್ಲವಾಗುವುದಿಲ್ಲ, ಮನುಷ್ಯನ ಕೆಲಸಕ್ಕೆ ಒದಗದಂತಾಗುತ್ತದೆ. ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿದ ಬೈಕನ್ನು ನಿಲ್ಲಿಸಿ ನೋಡಿ, ಬ್ರೇಕಿನ ಡಿಸ್ಕ್ ಕೈ ಸುಡುವಷ್ಟು ಕಾದಿರುತ್ತದೆ. ಬೈಕಿನ ಓಟವೆಲ್ಲ ಅಲ್ಲಿ ಬಿಸಿಯಾಗಿ ಕೂತಿದೆ. ಸ್ವಲ್ಪ ಹೊತ್ತಿಗೆ ಅದೂ ಗಾಳಿಯ ಪಾಲು. ಆ ಬಿಸಿಯಿಂದ ಬೈಕು ಮತ್ತೆ ಘಾಟಿ ಹತ್ತಲಾರದು.

ಹಾಗೆಂದು ಇದು ಯಾವಾಗಲೂ ನಷ್ಟವಲ್ಲ. ಅಣೆಕಟ್ಟಿನ ಕ್ರಸ್ಟ್ ಗೇಟಿನಿಂದ ಧುಮುಕುವ ನೀರನ್ನು ಅದರ ಪಾಡಿಗೆ ಬಿಟ್ಟರೆ ಕಟ್ಟೆಯ ಬುಡವನ್ನೇ ಕೊರೆದುಬಿಡುತ್ತದೆ. ಅದಕ್ಕೇ ಬುಡದಲ್ಲಿ ಕಾಂಕ್ರೀಟಿನ ತೊಟ್ಟಿಯಂಥ ರಚನೆ ಕಟ್ಟಿ, ನೀರು ಅಲ್ಲೇ ಕುದಿದು ಮೊರೆದು ಸೊಕ್ಕು ಕಳೆದುಕೊಳ್ಳುವಂತೆ ಮಾಡುತ್ತಾರೆ. ಇಲ್ಲಿ ಡಿಸಿಪೇಟ್ ಮಾಡುವುದೇ ಎಂಜಿನಿಯರರ ಗುರಿ. ಕಂಪ್ಯೂಟರಿನೊಳಗಿನ ಫ್ಯಾನ್ ತಿರುಗುವುದೂ ಬಿಸಿಯನ್ನು ಹೀಗೆ ಹೊರಗಟ್ಟಲೆಂದೇ.

ಮನುಷ್ಯರಿಗೆ ಅಂಟಿದಾಗ ಮಾತ್ರ ಪದ ಕಟುವಾಗುತ್ತದೆ. ‘ಡಿಸಿಪೇಟೆಡ್’ ಎನಿಸಿಕೊಂಡವನು ಕುಡಿತ, ಜೂಜು, ಭೋಗಗಳಲ್ಲಿ ದುಡ್ಡನ್ನಷ್ಟೇ ಅಲ್ಲ, ಆಯುಸ್ಸನ್ನೂ ಚೆಲ್ಲಿಕೊಂಡವನು.

ಬಳಕೆಯಲ್ಲಿ ಎಡವುವ ಜಾಗವೊಂದಿದೆ. ಮಂಜು ತಾನಾಗಿ ಡಿಸಿಪೇಟ್ ಆಗುತ್ತದೆ, ಬಿಸಿಲು ಮಂಜನ್ನು ಡಿಸಿಪೇಟ್ ಮಾಡುತ್ತದೆ. ಇಂಗ್ಲಿಷಿಗೆ ಎರಡಕ್ಕೂ ಒಂದೇ ರೂಪ. ಕನ್ನಡ ಇವನ್ನು ಬೇರ್ಪಡಿಸುತ್ತದೆ: ಮಂಜು ಕರಗಿತು, ಬಿಸಿಲು ಕರಗಿಸಿತು. ಇನ್ನು ಪೊಲೀಸರು ಗುಂಪನ್ನು ಚದುರಿಸುವುದಕ್ಕೆ ‘ಡಿಸಿಪೇಟ್’ ಅಲ್ಲ, ‘ಡಿಸ್ಪರ್ಸ್’ ಸರಿಯಾದ ಪದ, ಆ ಜನ ನಾಳೆ ಮತ್ತೆ ಸೇರಬಹುದಲ್ಲ.

ಅನುವಾದಿಸುವವರಲ್ಲಿ ಒಂದು ಕೋರಿಕೆ. ನಿಘಂಟಿನ ಮೊದಲ ಪದವನ್ನೇ ಎಲ್ಲೆಡೆ ಹಚ್ಚಬೇಡಿ. ಮೋಡ ಚೆದುರಲಿ, ಮಂಜು ಕರಗಲಿ, ಸಿಟ್ಟು ಇಳಿಯಲಿ, ಬಿಸಿ ಆರಲಿ, ಚಂಡಮಾರುತ ಕ್ಷೀಣಿಸಲಿ, ಆಸ್ತಿ ಪೋಲಾಗಲಿ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಆರು ಸಿದ್ಧವಾಗಿವೆ.